ರೇಡಿಯೊಗೆ ಕೆಂಪು ಬೂಟು ಏಕೆ?

ನಿನ್ನೆ ರಾತ್ರಿ ಗ್ಯಾರಿಸನ್ ಕೀಲರ್ ಕುರಿತ ಸಾಕ್ಷ್ಯಚಿತ್ರ ನೋಡಿದೆ. ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ 1974ರ ಜುಲೈ 6ರಂದು ಬೆರಳೆಣಿಕೆಯ ಜನರ ಮುಂದೆ ‘ಎ ಪ್ರೇರಿ ಹೋಮ್ ಕಂಪ್ಯಾನಿಯನ್’ ಎಂಬ ರೇಡಿಯೊ ಕಾರ್ಯಕ್ರಮ ಶುರು ಮಾಡಿದವರು. ನಡುವೆ ಕೆಲವು ವರ್ಷ ಬಿಟ್ಟರೆ 2016ರವರೆಗೂ ಅದನ್ನು ನಡೆಸಿದರು.

ರೇಡಿಯೊ ಕೇಳುವವರಿಗೆ ಕಾಣದ ಕಾಲಿಗೆ ಕೆಂಪು ಬೂಟು, ಕೆಂಪು ಕಾಲುಚೀಲ! ಯಾರಿಗಾಗಿ ಈ ಅಲಂಕಾರ ಎಂದು ನಗು ಬಂತು. ಆಮೇಲೆ ಹೊಳೆಯಿತು, ಎದುರಿಗೆ ಸಭಿಕರು ಕುಳಿತಿರುತ್ತಾರಲ್ಲ.

ಕಾರ್ಯಕ್ರಮಕ್ಕಾಗಿ ಅವರು ಕಲ್ಪಿಸಿಕೊಂಡ ಲೇಕ್ ವೊಬೆಗಾನ್ ಊರು ಯಾವ ಭೂಪಟದಲ್ಲೂ ಇಲ್ಲ. ಆದರೂ ವಾರವಾರವೂ ಅಲ್ಲಿನ ಸುದ್ದಿ ಬರುತ್ತಿತ್ತು. ಈ ವಾರ ವಿಶೇಷವೇನೂ ಇಲ್ಲ ಎಂಬ ಧಾಟಿಯಲ್ಲಿ ಆರಂಭಿಸಿ, ಕೈಯಲ್ಲಿ ಹಾಳೆಯಿಲ್ಲದೆ, ಲುಥೆರನ್ ಪಾದ್ರಿಯನ್ನೋ ಮದುವೆಯಾಗದೆ ಉಳಿದ ನಾರ್ವೆ ಮೂಲದ ರೈತರನ್ನೋ ನಿಧಾನವಾಗಿ ಕರೆತರುತ್ತಿದ್ದರು. ಇಲ್ಲದ ಊರಿಗೆ ತಕ್ಕಂತೆ, ಇಲ್ಲದ ಬಿಸ್ಕತ್ತಿನ ಜಾಹೀರಾತೂ ಇತ್ತು.

ಜನ ಬಿದ್ದು ಬಿದ್ದು ನಗುವಾಗಲೂ ಆ ಮುಖದಲ್ಲಿ ನಗುವಿಲ್ಲ, ಸಾವಿನ ಸುದ್ದಿ ತಂದವರ ಹಾಗೆ ಗಂಭೀರ. ಆದರೆ ದನಿ ಬೇರೆಯೇ ಕಥೆ ಹೇಳುತ್ತದೆ. ಮುಖ ನೋಡಿದಷ್ಟೂ ಊರು ಮಸುಕಾಗುತ್ತಿತ್ತು.

ಹಾಗಾಗಿ ಕೊನೆಯ ಭಾಗವನ್ನು ಕಣ್ಣು ಮುಚ್ಚಿಕೊಂಡೇ ನೋಡಿದೆ.