ನಾಲ್ಕು ಲಕ್ಷದೊಳಗೆ ಯಾವ ಸೆಕೆಂಡ್ ಹ್ಯಾಂಡ್ ಕಾರ್ ತಗೊಳ್ಳಲಿ?

"ನಾಲ್ಕು ಲಕ್ಷ ಇಟ್ಟುಕೊಂಡಿದ್ದೀನಿ. ಮನೆಮಂದಿಗೆಲ್ಲ ಆಗುವಂಥ ಒಂದು ಒಳ್ಳೇ ಗಾಡಿ ಹೇಳಿ." ನೆಂಟರು, ಸ್ನೇಹಿತರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು. ಅವರಿಗೆ ಬೇಕಾದದ್ದು ಒಂದು ಮಾಡೆಲ್ ಹೆಸರು. ನಾನು ಮೊದಲು ಹೇಳುವುದು ಒಂದು ತಾರೀಕು: 2019ರ ಜುಲೈ 1.

ಅವತ್ತಿನಿಂದ ತಯಾರಾದ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್, ಸೀಟ್ ಬೆಲ್ಟ್ ಅಲಾರಂ, ವೇಗ ಜಾಸ್ತಿಯಾದರೆ ಎಚ್ಚರಿಸುವ ಸದ್ದು, ಹಿಂದಿನ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾದವು. ಎಬಿಎಸ್, ಅಂದರೆ ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ, ಅದೇ ವರ್ಷದ ಏಪ್ರಿಲ್‌ನಲ್ಲಿ ಕಡ್ಡಾಯವಾಗಿತ್ತು. ಡ್ರೈವರ್ ಪಕ್ಕದ ಸೀಟಿನ ಏರ್‌ಬ್ಯಾಗ್ ಮಾತ್ರ 2021ರ ಕೊನೆಯವರೆಗೂ ಎಷ್ಟೋ ಕಾರುಗಳಲ್ಲಿ ಇರಲಿಲ್ಲ. ಡ್ಯಾಶ್‌ಬೋರ್ಡಿನ ಎಡಗಡೆ ಏರ್‌ಬ್ಯಾಗ್ ಗುರುತು ಇದೆಯಾ ಅಂತ ನೀವೇ ನೋಡಬೇಕು. ಆರ್‌ಸಿಯಲ್ಲಿ ನೋಂದಣಿ ತಾರೀಕಿನ ಜೊತೆ ತಯಾರಾದ ತಿಂಗಳೂ ಇರುತ್ತದೆ. ಎರಡನೆಯದನ್ನು ನೋಡಿ. ಷೋರೂಮಿನಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿ ಆಮೇಲೆ ನೋಂದಣಿಯಾಗಿರಬಹುದು.

ಇದೇ ದುಡ್ಡಿಗೆ 2012ರ ದೊಡ್ಡ ಸೆಡಾನ್ ಸಿಗುತ್ತದಲ್ವಾ ಅಂತ ಕೇಳುತ್ತಾರೆ. ಸಿಗುತ್ತದೆ. ಆದರೆ ಇಳಿದಿರುವುದು ಕಾರಿನ ಬೆಲೆ. ಅದರ ಕ್ಲಚ್, ಸಸ್ಪೆನ್ಷನ್, ಟೈರಿನ ಬೆಲೆ ಇಳಿದಿಲ್ಲ. ಹದಿನೈದು ವರ್ಷಕ್ಕೆ ಆರ್‌ಸಿ ಮುಗಿಯುತ್ತದೆ, ಆಮೇಲೆ ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಸರ್ಟಿಫಿಕೇಟ್) ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಮಕ್ಕಳನ್ನು ಕೂರಿಸಿಕೊಂಡು ಘಾಟಿ ಇಳಿಯುವವರಿಗೆ ಎಬಿಎಸ್ ಇರುವ ಚಿಕ್ಕ ಕಾರೇ ಸರಿ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮಾಡೆಲ್ ಹೇಳಲೇಬೇಕೆಂದರೆ, ಟಾಟಾದ ಪೆಟ್ರೋಲ್ ಟಿಯಾಗೊ ಅಥವಾ 2019ರ ನಂತರದ ಮಾರುತಿ ವ್ಯಾಗನ್ ಆರ್. ಕಾರುಗಳನ್ನು ಡಿಕ್ಕಿ ಹೊಡೆಸಿ ನೋಡುವ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಐದರಲ್ಲಿ ಟಿಯಾಗೊ 2020ರಲ್ಲಿ 4 ಸ್ಟಾರ್ ಪಡೆಯಿತು, ವ್ಯಾಗನ್ ಆರ್ 2019ರಲ್ಲಿ 2. ಆದರೂ ಮಂಡಿನೋವಿನ ಅಜ್ಜಿ ಇರುವ ಮನೆಗೆ ವ್ಯಾಗನ್ ಆರ್ ಹತ್ತಿ ಇಳಿಯೋದು ಸುಲಭ, ಅದರ ಬಿಡಿಭಾಗ ಸಣ್ಣ ಊರಲ್ಲೂ ಸಿಗುತ್ತದೆ. ಎರಡರಲ್ಲಿ ನನ್ನ ಆಯ್ಕೆ ಟಿಯಾಗೊ. ಡೀಸೆಲ್ ಬೇಡ. ದಿನಾ ಹತ್ತು ಕಿಲೋಮೀಟರ್ ಓಡಿಸುವವರಿಗೆ ಅದರಿಂದ ಲಾಭವಿಲ್ಲ.

ಆದರೆ ಗಾಡಿ ಹೇಗೆ ಬಾಳಿದೆ ಅನ್ನುವುದು ಮಾಡೆಲ್‌ಗಿಂತ ಮುಖ್ಯ. ಗಾಡಿಯ ನಂಬರ್ ಸಿಕ್ಕ ಕೂಡಲೇ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಹಾಕಿ. ಎಷ್ಟನೇ ಓನರ್, ಇನ್ಶೂರೆನ್ಸ್ ಎಲ್ಲಿವರೆಗಿದೆ, ಸಾಲ ತೀರಿದೆಯಾ ಗೊತ್ತಾಗುತ್ತದೆ. ಆಮೇಲೆ ಕಂಪನಿ ಸರ್ವಿಸ್ ಸೆಂಟರಿನ ದಾಖಲೆ ತೆಗೆಸಿಕೊಡಲು ಓನರನ್ನು ಕೇಳಿ. ಪ್ರತಿ ಸರ್ವಿಸ್‌ಗೂ ಕಿಲೋಮೀಟರ್ ಬರೆದಿರುತ್ತಾರೆ. 2022ರಲ್ಲಿ 60,000 ಇದ್ದದ್ದು ಈಗ 45,000 ತೋರಿಸಿದರೆ ಮೀಟರ್ ತಿರುಗಿಸಿದ್ದಾರೆ ಅಂತಲೇ ಅರ್ಥ. ದಾಖಲೆ ಇಲ್ಲದಿದ್ದರೆ ಪೆಡಲಿನ ರಬ್ಬರ್, ಸ್ಟೀರಿಂಗ್, ಡ್ರೈವರ್ ಸೀಟು ಎಷ್ಟು ಸವೆದಿವೆ ನೋಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಅಂದರೆ 2019ರ 23ನೇ ವಾರ. ಐದು ಟೈರಿನಲ್ಲೂ ಬೇರೆ ಬೇರೆ ವರ್ಷವಿದ್ದರೆ ಯಾಕೆ ಅಂತ ಕೇಳಿ.

ಬೆಂಗಳೂರಿನ ಗಾಡಿಯಾದರೆ ಇನ್ನೊಂದು ವಿಷಯ. 2022ರ ಸೆಪ್ಟೆಂಬರ್ ಮಳೆಗೆ ಬೆಳ್ಳಂದೂರು, ಔಟರ್ ರಿಂಗ್ ರೋಡ್ ಕಡೆ ಎಷ್ಟೋ ಕಾರುಗಳು ಮುಳುಗಿದ್ದವು. ಸೀಟ್ ಬೆಲ್ಟನ್ನು ಪೂರ್ತಿ ಎಳೆಯಿರಿ, ಕೊನೆಯಲ್ಲಿ ಕೆಸರಿನ ಕಲೆ ಇದೆಯಾ ನೋಡಿ. ಸ್ಟೆಪ್ನಿ ತೆಗೆದು ಕೆಳಗೆ ಕೈಯಾಡಿಸಿ. ಮುಂದಿನ ಸೀಟಿನ ಹಳಿಗೆ ತುಕ್ಕು ಹಿಡಿದಿದ್ದರೆ ಅಲ್ಲಿಗೇ ಬಿಡಿ. ಕೆಎ 19, ಕೆಎ 20, ಅಂದರೆ ಮಂಗಳೂರು, ಉಡುಪಿ ಗಾಡಿಗಳಿಗೆ ಉಪ್ಪುಗಾಳಿ ತಾಗಿರುತ್ತದೆ. ಲಿಫ್ಟಿಗೆ ಹಾಕಿಸಿ ತಳ ನೋಡದೆ ಮಾತು ಮುಗಿಸಬೇಡಿ.

ದಿಲ್ಲಿ ಗಾಡಿ ಅಗ್ಗ ಅಂತ ಆಸೆಪಡಬೇಡಿ. ಹತ್ತು ವರ್ಷ ದಾಟಿದ ಡೀಸೆಲ್ ಕಾರಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿದ ಮೇಲೆ ಅಲ್ಲಿಂದ ಹಳೇ ಗಾಡಿಗಳು ಈ ಕಡೆ ಬಂದವು. ಹೊರರಾಜ್ಯದ ಗಾಡಿಗೆ ಅಲ್ಲಿನ ಆರ್‌ಟಿಒ ಎನ್‌ಒಸಿ (ಅಡ್ಡಿಯಿಲ್ಲ ಅನ್ನುವ ಪತ್ರ) ಬೇಕು, ಇಲ್ಲಿ ರಸ್ತೆ ತೆರಿಗೆ ಕಟ್ಟಬೇಕು, ನಂಬರ್ ಬದಲಾಯಿಸಬೇಕು. ಅಗ್ಗಕ್ಕೆ ಕೊಂಡು ಉಳಿಸಿದ ದುಡ್ಡೆಲ್ಲ ಅಲ್ಲೇ ಹೋಗುತ್ತದೆ.

ಕಾರನ್ನು ಬೆಳಿಗ್ಗೆ ನೋಡಿ, ನೀವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮೊದಲೇ ಹೇಳಿ. ಬಾನೆಟ್ ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ. ತಣ್ಣಗಿನ ಎಂಜಿನ್ ಸ್ಟಾರ್ಟಾದಾಗ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ನಿಮ್ಮ ದುಡ್ಡಿನಲ್ಲೇ ನಿಮ್ಮ ಮೆಕ್ಯಾನಿಕ್ಕನ್ನು ಕರೆದುಕೊಂಡು ಹೋಗಿ, ಮಾರುವವರ ಮೆಕ್ಯಾನಿಕ್ ಸಾಲದು.

ನಾಲ್ಕು ಲಕ್ಷವಿದ್ದರೆ ಮೂರೂವರೆಯ ಗಾಡಿ ಹುಡುಕಿ. ಟೈರ್, ಬ್ಯಾಟರಿ, ಮೊದಲ ಸರ್ವಿಸ್, ಇನ್ಶೂರೆನ್ಸ್‌ಗೆ ಮಿಕ್ಕದ್ದು ಬೇಕಾಗುತ್ತದೆ. ಪೂರ್ತಿ ದುಡ್ಡು ಕೊಡುವ ಮೊದಲು ಗಾಡಿ ನಿಮ್ಮ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳಿ. ಸಾಲವಿದ್ದ ಗಾಡಿಯಾದರೆ ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿಯೂ ಕೈಗೆ ಬರಲಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಬದಲಾಯಿಸಲು 14 ದಿನದೊಳಗೆ ಅರ್ಜಿ ಹಾಕಬೇಕು. ಹಳೇ ಓನರಿನ ನೋ ಕ್ಲೈಮ್ ಬೋನಸ್, ಅಂದರೆ ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ನಿಮಗೆ ಬರುವುದಿಲ್ಲ, ಅದು ಅವರ ಜೊತೆಗೇ ಹೋಗುತ್ತದೆ. ಆ ವ್ಯತ್ಯಾಸದ ಹಣವನ್ನೂ ಲೆಕ್ಕದಲ್ಲಿಟ್ಟುಕೊಂಡೇ ಚೌಕಾಸಿಗೆ ಕೂತುಕೊಳ್ಳಿ.