ಹಾರ್ಟಿಂಗ್‌ಟನ್ ಮೂರು ಸಲ ಪ್ರಧಾನಿ ಪಟ್ಟ ಬೇಡವೆಂದದ್ದೇಕೆ? ಕೇಳುವವರಿಗೆಲ್ಲ ಒಂದೇ ಉತ್ತರ

ವಿಕ್ಟೋರಿಯಾ ಕಾಲದ ಬ್ರಿಟಿಷ್ ರಾಜಕೀಯದ ಮಾತು ಬಂದರೆ ಸಾಕು, ಯಾರಾದರೊಬ್ಬರು ಲಿಬರಲ್ ಮುಂದಾಳು ಲಾರ್ಡ್ ಹಾರ್ಟಿಂಗ್‌ಟನ್ ಹೆಸರೆತ್ತುತ್ತಾರೆ. ಹಿಂದೆಯೇ ಪ್ರಶ್ನೆ: "1880, 1886, 1887, ಮೂರು ಸಲ ಪ್ರಧಾನಿ ಪಟ್ಟ ಮನೆ ಬಾಗಿಲಿಗೆ ಬಂದರೂ ಬೇಡವೆಂದನಲ್ಲ, ಸೋಮಾರಿಯೋ ತ್ಯಾಗಿಯೋ?" ಎರಡೂ ಅಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ, ಬರೆದೇ ಬಿಡುತ್ತೇನೆ.

ಮೊದಲು ಆ "ಸೋಮಾರಿ" ಪದವನ್ನು ಕೈಬಿಡಿ. ಕುದುರೆ ಜೂಜು, ಇಸ್ಪೀಟು, ಸಭೆಯಲ್ಲಿ ಆಕಳಿಕೆ, ಎಲ್ಲವೂ ನಿಜವೇ. ಆದರೆ 1857ರಿಂದ 1891ರವರೆಗೆ, ನಡುವಿನ ಅಲ್ಪಕಾಲ ಬಿಟ್ಟರೆ, ಆತ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಸದಸ್ಯ. ಅಂಚೆ ಇಲಾಖೆ, ಐರ್ಲೆಂಡ್, ಇಂಡಿಯಾ ಆಫೀಸ್, ಯುದ್ಧ ಖಾತೆ, ಎಲ್ಲವನ್ನೂ ನಡೆಸಿದವನು. 1884ರಲ್ಲಿ ಸುಡಾನಿನ ಖಾರ್ಟೂಮಿನಲ್ಲಿ ಸಿಕ್ಕಿಬಿದ್ದ ಜನರಲ್ ಗಾರ್ಡನ್‌ನ ನೆರವಿಗೆ ಸೈನ್ಯ ಕಳಿಸಲು ಪ್ರಧಾನಿ ಗ್ಲ್ಯಾಡ್‌ಸ್ಟನ್ ಮೀನಮೇಷ ಎಣಿಸುತ್ತಿದ್ದಾಗ, ಜುಲೈ ಕೊನೆಯಲ್ಲಿ ರಾಜೀನಾಮೆಯ ಬೆದರಿಕೆ ಹಾಕಿ ಸಂಸತ್ತಿನಲ್ಲಿ 3 ಲಕ್ಷ ಪೌಂಡ್ ಹಣ ಕೇಳುವಂತೆ ಮಾಡಿದ್ದು ಇದೇ ಹಾರ್ಟಿಂಗ್‌ಟನ್. ಆಗಲೇ ತಡವಾಗಿತ್ತು. 1885ರ ಜನವರಿ 26ರಂದು ಖಾರ್ಟೂಮ್ ಬಿತ್ತು, ನೆರವಿನ ಹಡಗುಗಳು ಮುಟ್ಟಿದ್ದು 28ಕ್ಕೆ. ಆ ವಿಳಂಬದಲ್ಲಿ ಇಡೀ ಸಂಪುಟದಂತೆ ಅವನಿಗೂ ಪಾಲಿದೆ, ಸೋಮಾರಿತನಕ್ಕಿಲ್ಲ.

ಲಾರ್ಡ್ ಆಗಿದ್ದವನು ಕೆಳಮನೆಯಲ್ಲಿ ಹೇಗೆ ಕೂತ ಎಂದೂ ಕೇಳುತ್ತೀರಿ. ಡ್ಯೂಕ್ ಪದವಿ ಒಬ್ಬನದು, ಇಲ್ಲಿ ಅಪ್ಪನದು. ಅಪ್ಪ ಬದುಕಿರುವಷ್ಟು ದಿನ ಹಿರಿಯ ಮಗ ಅಪ್ಪನ ಎರಡನೇ ಬಿರುದನ್ನು ಮರ್ಯಾದೆಗೆ ಇಟ್ಟುಕೊಳ್ಳುತ್ತಾನೆ. ಕಾನೂನಿನ ಕಣ್ಣಿಗೆ ಆತ ಸಾಮಾನ್ಯ ಪ್ರಜೆ, ಚುನಾವಣೆಗೆ ನಿಲ್ಲಬಹುದು. ಆಗಿನ ನಿಯಮದಲ್ಲಿ, ಅಪ್ಪ ತೀರಿಕೊಂಡ ಕ್ಷಣಕ್ಕೆ ಮಗ ಮೇಲ್ಮನೆಯವನಾಗಿ ಆ ಸೀಟು ಹೋಗುತ್ತಿತ್ತು. 1891ರ ಡಿಸೆಂಬರ್ 21ರಂದು ಆದದ್ದೂ ಅದೇ. ಹಾರ್ಟಿಂಗ್‌ಟನ್ ಎಂಟನೇ ಡೆವನ್‌ಶೈರ್ ಡ್ಯೂಕ್ ಆದ, ರಾಸೆಂಡೇಲ್ ಕ್ಷೇತ್ರ ಖಾಲಿಯಾಯಿತು, ಮುಂದಿನ ತಿಂಗಳ ಉಪಚುನಾವಣೆಯಲ್ಲಿ ಅದು ಗ್ಲ್ಯಾಡ್‌ಸ್ಟನ್ ಪಕ್ಷದ ಪಾಲಾಯಿತು.

ಈಗ ಪಟ್ಟದ ವಿಷಯ. "ಮನೆ ಬಾಗಿಲಿಗೆ ಬಂತು" ಎನ್ನುವ ಮಾತೇ ನನಗೆ ಸಿಟ್ಟು ತರಿಸುವುದು. ರಾಣಿ ಕರೆದ ಮಾತ್ರಕ್ಕೆ ಯಾರೂ ಪ್ರಧಾನಿಯಾಗುವುದಿಲ್ಲ. ಸಂಪುಟ ಕಟ್ಟಬೇಕು, ಕಾಮನ್ಸ್‌ನಲ್ಲಿ ಪ್ರತಿ ಮತದಾನದಲ್ಲೂ ತಲೆ ಎಣಿಕೆ ಗೆಲ್ಲಬೇಕು. 1880ರ ಏಪ್ರಿಲ್ 22ರಂದು ರಾಣಿ ಹಾರ್ಟಿಂಗ್‌ಟನ್‌ನನ್ನು ವಿಂಡ್ಸರ್‌ಗೆ ಕರೆಸಿದಳು. 1875ರಿಂದ ಕಾಮನ್ಸ್‌ನಲ್ಲಿ ಲಿಬರಲ್ ನಾಯಕ ಅವನೇ. ಆದರೆ ಲಿಬರಲ್ಲರು ಆಗಷ್ಟೇ ಗೆದ್ದಿದ್ದ ಚುನಾವಣೆಯ ಕಾವು ಏರಿಸಿದ್ದು ಸ್ಕಾಟ್‌ಲೆಂಡಿನ ಮಿಡ್‌ಲೋಥಿಯನ್‌ನಲ್ಲಿ ಭಾಷಣ ಮಾಡಿದ ಹಳೆಯ ನಾಯಕ ಗ್ಲ್ಯಾಡ್‌ಸ್ಟನ್. ಹಾರ್ಟಿಂಗ್‌ಟನ್ ಹೋಗಿ ನೇರವಾಗಿ ಕೇಳಿದ: ನನ್ನ ಸಂಪುಟದಲ್ಲಿರುತ್ತೀರಾ? ಯಾರ ಕೈಕೆಳಗೂ ಇರುವುದಿಲ್ಲ ಎಂಬ ಉತ್ತರ ಬಂತು. ಹಾಗಾದರೆ ಗ್ಲ್ಯಾಡ್‌ಸ್ಟನ್ ಹಿಂದಿನ ಬೆಂಚಿನಲ್ಲಿ ಕೂರುತ್ತಾರೆ, ಪಕ್ಷದ ಅರ್ಧ ಕಿವಿ ಅತ್ತಲೇ ಇರುತ್ತದೆ. ಅಂಥ ಸರ್ಕಾರ ಎಷ್ಟು ದಿನ ನಿಂತೀತು? ಮರುದಿನ ಮೇಲ್ಮನೆಯ ಲಿಬರಲ್ ನಾಯಕ ಗ್ರ್ಯಾನ್‌ವಿಲ್ ಜೊತೆ ವಿಂಡ್ಸರ್‌ಗೆ ಹೋಗಿ, ಗ್ಲ್ಯಾಡ್‌ಸ್ಟನ್‌ರನ್ನೇ ಕರೆಯಿರಿ ಎಂದ. ಇದರಲ್ಲಿ ತ್ಯಾಗ ಎಲ್ಲಿದೆ?

1886ರದು ಇನ್ನೂ ಸ್ಪಷ್ಟ. ಐರ್ಲೆಂಡ್‌ಗೆ ಸ್ವಂತ ಶಾಸನಸಭೆ ಕೊಡುವ ಗ್ಲ್ಯಾಡ್‌ಸ್ಟನ್ ಮಸೂದೆ ಜೂನ್ 8ರಂದು 30 ಮತಗಳಿಂದ ಬಿತ್ತು. ವಿರುದ್ಧ ಮತ ಹಾಕಿದ ಲಿಬರಲ್ಲರ ಮುಂದಾಳು ಹಾರ್ಟಿಂಗ್‌ಟನ್. ಜುಲೈ ಚುನಾವಣೆಯ ನಂತರ 670 ಸೀಟುಗಳ ಸಭೆಯಲ್ಲಿ ಕನ್ಸರ್ವೇಟಿವ್‌ಗಳು 316, ಮಸೂದೆ ವಿರೋಧಿಸಿ ಬೇರೆಯಾದ, ಹಾರ್ಟಿಂಗ್‌ಟನ್ ಮತ್ತು ತೀವ್ರ ಸುಧಾರಣಾವಾದಿ ಚೇಂಬರ್ಲೇನ್ ಕಡೆಯ ಲಿಬರಲ್ ಯೂನಿಯನಿಸ್ಟರು ಸುಮಾರು 78. ಕನ್ಸರ್ವೇಟಿವ್ ನಾಯಕ ಸಾಲಿಸ್‌ಬರಿ, ನೀನೇ ಪ್ರಧಾನಿಯಾಗು, ನಾನು ನಿನ್ನ ಕೆಳಗೆ ಇರುತ್ತೇನೆ ಎಂದ. ಕೂಡಿಸಿ ನೋಡಿದರೆ ಬಹುಮತ ಧಾರಾಳ. ಒಡೆದು ನೋಡಿ: ಪ್ರಧಾನಿಯ ಸ್ವಂತ ಬಲ 78, ಅದರಲ್ಲೂ ಚೇಂಬರ್ಲೇನ್ ಗುಂಪು ಕನ್ಸರ್ವೇಟಿವ್ ಸರ್ಕಾರಕ್ಕೆ ಬರುವುದಿಲ್ಲ. ನಿತ್ಯ ಮತ ಹಾಕಬೇಕಾದ ಕನ್ಸರ್ವೇಟಿವ್‌ಗಳು ಇವನನ್ನು ಮೂವತ್ತು ವರ್ಷ ಎದುರಾಳಿಯೆಂದೇ ಕಂಡವರು. ಹೊರಗೆ ಕೂತು ಬೆಂಬಲ ಕೊಟ್ಟರೆ 78 ಮತಗಳೂ ಒಟ್ಟಿಗೆ ಉಳಿಯುತ್ತವೆ, ಐರಿಷ್ ಮಸೂದೆ ಮತ್ತೆ ತಲೆ ಎತ್ತುವುದಿಲ್ಲ. ಅವನಿಗೆ ಬೇಕಿದ್ದದ್ದು ಅದು. ವಿಚಿತ್ರವೆಂದರೆ ಈ ಬೆಂಬಲವನ್ನು ಆತ ಕೊಟ್ಟದ್ದು ವಿರೋಧ ಪಕ್ಷದ ಮುಂದಿನ ಸಾಲಿನಲ್ಲಿ, ಗ್ಲ್ಯಾಡ್‌ಸ್ಟನ್ ಕೂರುತ್ತಿದ್ದ ಅದೇ ಬೆಂಚಿನಿಂದ.

1887ರ ಜನವರಿಯಲ್ಲಿ ಸಾಲಿಸ್‌ಬರಿ ಮತ್ತೆ ಪಟ್ಟ ಮುಂದಿಟ್ಟಾಗಲೂ ಲೆಕ್ಕ ಬದಲಾಗಲಿಲ್ಲ. ರಾಂಡಾಲ್ಫ್ ಚರ್ಚಿಲ್ ರಾಜೀನಾಮೆಯಿಂದ ತೆರವಾದ ಹಣಕಾಸು ಖಾತೆಗೆ ಹಾರ್ಟಿಂಗ್‌ಟನ್ ಒಪ್ಪಿಗೆಯೊಂದಿಗೆ ಅವನದೇ ಗುಂಪಿನ ಗೋಷೆನ್ ಹೋದ. 1886ರ ಚುನಾವಣೆಯಲ್ಲಿ ಸೀಟು ಕಳೆದುಕೊಂಡಿದ್ದ ಆತ ಕಾಮನ್ಸ್‌ಗೆ ಮರಳಲು ನಿಂತು ಲಿವರ್‌ಪೂಲ್‌ನಲ್ಲಿ 7 ಮತಗಳಿಂದ ಸೋತ, ಬೇರೆ ಕ್ಷೇತ್ರ ಹುಡುಕಬೇಕಾಯಿತು. ಆ ಮೈತ್ರಿ ಎಷ್ಟು ತೆಳುವಾಗಿತ್ತು ಎಂಬುದಕ್ಕೆ ಇಷ್ಟು ಸಾಕು. 1895ರಲ್ಲಿ, ಚೇಂಬರ್ಲೇನ್ ಕೂಡ ಬರಲು ತಯಾರಾದಾಗ, ಹಾರ್ಟಿಂಗ್‌ಟನ್ ಸಾಲಿಸ್‌ಬರಿಯ ಸಂಪುಟ ಸೇರಿಯೇ ಸೇರಿದ.

ಎಲ್ಲರೂ ಬೇಡವೆಂದದ್ದನ್ನೇ ಕೇಳುತ್ತೀರಿ. ಕನ್ನಡಿಗರಾದರೂ ಒಪ್ಪಿಕೊಂಡದ್ದನ್ನು ಕೇಳಬಾರದೇ? 1880ರಲ್ಲಿ ಪ್ರಧಾನಿ ಪಟ್ಟ ಬಿಟ್ಟು ಆತ ತೆಗೆದುಕೊಂಡ ಹುದ್ದೆ ಭಾರತ ಮಂತ್ರಿಯದು. 1881ರ ಮಾರ್ಚ್ 25ರಂದು, ಐವತ್ತು ವರ್ಷಗಳ ಬ್ರಿಟಿಷ್ ಆಡಳಿತದ ನಂತರ, ಮೈಸೂರು ಚಾಮರಾಜೇಂದ್ರ ಒಡೆಯರ ಕೈಗೆ ಮರಳಿದಾಗ ಲಂಡನ್ನಿನಲ್ಲಿ ಹೊಣೆ ಹೊತ್ತವನು ಹಾರ್ಟಿಂಗ್‌ಟನ್, ಇಲ್ಲಿ ವೈಸ್‌ರಾಯ್ ರಿಪನ್. ಮರಳಿಸುವ ನಿರ್ಧಾರ 1867ರಷ್ಟು ಹಳೆಯದು, ಭಾರತ ಮಂತ್ರಿಯಾಗಿದ್ದ ನಾರ್ತ್‌ಕೋಟ್ ಕಾಲದ್ದು. ಷರತ್ತುಗಳ ಚರ್ಚೆ ವೈಸ್‌ರಾಯ್ ಲಿಟ್ಟನ್ ಕಾಲದಲ್ಲೇ ಶುರುವಾಗಿತ್ತು. ಹಾಗಾಗಿ ಕೀರ್ತಿಯನ್ನೆಲ್ಲ ಇವನ ತಲೆಗೆ ಕಟ್ಟಬೇಡಿ. ಆದರೆ ಷರತ್ತುಗಳು ಜಾರಿಗೆ ಬಂದದ್ದು ಇವನ ಅಧಿಕಾರದಲ್ಲಿ, ಅವು ಹಗುರವಾಗಿರಲಿಲ್ಲ. 24.5 ಲಕ್ಷ ರೂಪಾಯಿಯ ವಾರ್ಷಿಕ ಪೊಗದಿ 35 ಲಕ್ಷಕ್ಕೆ ಏರಿತು. 1876–78ರ ಬರದಿಂದ ಖಜಾನೆ ಬರಿದಾಗಿದ್ದ ಕಾರಣ ಹೆಚ್ಚಳದ ವಸೂಲಿಯನ್ನು ಮಾತ್ರ ಮುಂದೂಡಿದರು. ಬೆಂಗಳೂರು ದಂಡು ಬ್ರಿಟಿಷರ ಬಳಿಯೇ ಉಳಿಯಿತು. ಹೊಸ ಕೋಟೆ ಕಟ್ಟುವಂತಿಲ್ಲ, ಚಾಲ್ತಿಯಲ್ಲಿದ್ದ ಕಾನೂನುಗಳನ್ನು ಗವರ್ನರ್ ಜನರಲ್ ಒಪ್ಪಿಗೆಯಿಲ್ಲದೆ ಬದಲಿಸುವಂತಿಲ್ಲ. ದಿವಾನ್ ರಂಗಾಚಾರ್ಲು ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದ್ದು ಇಷ್ಟೆಲ್ಲ ಕಟ್ಟುಗಳ ನಡುವೆ. ಮುಂದಿನ ಸಲ ಹಾರ್ಟಿಂಗ್‌ಟನ್ ಮಾತು ತೆಗೆದರೆ, ಬರ ತಿಂದ ನಾಡಿನ ಮೇಲೆ ಹತ್ತೂವರೆ ಲಕ್ಷ ಹೆಚ್ಚಿಗೆ ಹೇರಿದ್ದು ಯಾವ ನ್ಯಾಯ ಎಂದು ಕೇಳಿ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಮಾತಾಡುತ್ತೇನೆ.