ನನ್ನ ಪಾಳಿಯ ರಾತ್ರಿ ಸುಟ್ಟ ಮೋಟಾರ್

ಬೆಳಗಿನ ಜಾವ ಮೂರೂವರೆಗೆ ಹೆಂಡತಿ ಬಂದು ಭುಜ ಅಲ್ಲಾಡಿಸಿದಳು. “ರೀ, ಏನೋ ಸುಟ್ಟ ವಾಸನೆ ಬರ್ತಿದೆ. ಮೋಟಾರ್ ಆಫ್ ಮಾಡಿದ್ರಾ?”

ಮಾಡಿರಲಿಲ್ಲ.

ಸೋಫಾದ ಮೇಲೆ ಕೂತಿದ್ದವನು ಯಾವಾಗ ಅಡ್ಡವಾದೆನೋ ಗೊತ್ತಿಲ್ಲ. ಚಪ್ಪಲಿ ಕೂಡ ಹಾಕಿಕೊಳ್ಳದೆ ಕೆಳಗೆ ಓಡಿದೆ. ಮೋಟಾರ್ ಮುಟ್ಟೋಕೆ ಆಗದಷ್ಟು ಬಿಸಿಯಾಗಿತ್ತು. ಗುಂಯ್ ಅನ್ನುವ ಬದಲು ಕರ್ರ್ ಅಂತ ಗಂಟಲು ಕಟ್ಟಿದವರ ಹಾಗೆ ಸದ್ದು ಮಾಡುತ್ತಿತ್ತು, ನಾನು ಸ್ವಿಚ್ ಕಡೆ ಕೈ ಚಾಚುವಷ್ಟರಲ್ಲಿ ಅದೇ ನಿಂತು ಹೋಯಿತು. ಪಕ್ಕದಲ್ಲೇ ಸಂಪಿನೊಳಗೆ ನೀರು ಬೀಳುವ ಸದ್ದು ಮಾತ್ರ ಆರಾಮಾಗಿ ಕೇಳಿಸುತ್ತಿತ್ತು.

ನಮ್ಮ ಕಟ್ಟಡದಲ್ಲಿ ಮೂರು ಮನೆ. ಕೆಳಗೆ ಅಜ್ಜಿ ಮತ್ತು ಅವರ ಮಗಳು, ನಡುವಿನ ಮನೆಯಲ್ಲಿ ರಿಟೈರ್ ಆದ ಅಂಕಲ್, ಮೇಲೆ ನಾವು ನಾಲ್ಕು ಜನ: ನಾನು, ಹೆಂಡತಿ, ಅಮ್ಮ, ಮಗಳು. ಸಂಪ್ ಒಂದೇ, ಮೋಟಾರ್ ಒಂದೇ, ಟೆರೇಸಿನ ಟ್ಯಾಂಕೂ ಒಂದೇ. ಬೇಸಿಗೆ ಜೋರಾದ ಮೇಲೆ ನೀರು ಮೂರು ದಿನಕ್ಕೊಮ್ಮೆ ಬರುತ್ತದೆ, ಅದೂ ಮಧ್ಯರಾತ್ರಿ ಹನ್ನೆರಡರಿಂದ ಮೂರರ ಒಳಗೆ ಅದಕ್ಕೆ ಯಾವಾಗ ಮನಸ್ಸು ಬರುತ್ತದೋ ಆಗ. ಅದಕ್ಕೇ ಪಾಳಿ ಮಾಡಿಕೊಂಡಿದ್ದೇವೆ. ಪಾಳಿ ಇದ್ದವರು ಎಚ್ಚರ ಇರಬೇಕು. ನೀರು ಬಂದರೆ ಸಂಪ್ ಸ್ವಲ್ಪ ತುಂಬೋವರೆಗೆ ಕಾದು, ಆಮೇಲೆ ಮೋಟಾರ್ ಹಾಕಿ, ಟ್ಯಾಂಕ್ ತುಂಬಿದ ಮೇಲೆ ಆಫ್ ಮಾಡಿ ಮಲಗಬೇಕು. ಅಷ್ಟೇ ಕೆಲಸ.

ನೀರು ಬರುವ ಮುಂಚೆ ನಲ್ಲಿ ಉಸಿರು ಬಿಡುತ್ತದೆ. ಇದು ಕಾದವರಿಗೇ ಗೊತ್ತು. ಮೊದಲು ಸುಸ್ಸ್ ಅಂತ ಗಾಳಿ, ಆಮೇಲೆ ಕೆಮ್ಮಿದ ಹಾಗೆ ಎರಡು ಸಲ ಗಡಗಡ, ಆಮೇಲೆ ಕಂದು ಬಣ್ಣದ ನೀರು. ಆ ಮೊದಲ ನೀರನ್ನು ನಾವು ಸಂಪಿಗೆ ಬಿಡುವುದಿಲ್ಲ. ಖಾಲಿ ಪೈಪಿನಲ್ಲಿ ಒತ್ತಡ ಇರುವುದಿಲ್ಲವಲ್ಲ, ಜಾಯಿಂಟುಗಳಲ್ಲಿ ಬಿರುಕಿದ್ದರೆ ಹೊರಗಿನ ಕೊಳೆಯೆಲ್ಲ ಒಳಗೆ ಎಳೆದುಕೊಂಡಿರುತ್ತದೆ. ರಸ್ತೆಯಲ್ಲಿ ಯಾರಾದರೂ ಲೈನಿಗೇ ಮೋಟಾರ್ ಹಾಕಿ ಎಳೆದರಂತೂ ಕೇಳೋದೇ ಬೇಡ, ಅವರಿಗೆ ನೀರು, ಮುಂದಿನ ಮನೆಗೆ ಕೊಳೆ ಮತ್ತು ಗಾಳಿ. ಮೀಟರ್ ಮಾತ್ರ ಗಾಳಿಗೂ ತಿರುಗುತ್ತದೆ.

ಅವತ್ತು ನಾನು ಮಾಡಿದ ತಪ್ಪು ನಿದ್ದೆಯೊಂದೇ ಅಲ್ಲ, ಆತುರವೂ ಹೌದು. ಒಂದೂವರೆಗೆ ನೀರು ಬಂತು, ಸಣ್ಣಗೆ ಬರುತ್ತಿತ್ತು. ಸಂಪ್ ಅರ್ಧ ಆಗಲಿ ಅಂತ ಕಾಯಬೇಕಿತ್ತು. ಬೇಗ ಮುಗಿಸಿ ಮಲಗೋಣ ಅಂತ ತಳದಲ್ಲಿ ಗೇಣುದ್ದ ನೀರು ಇರುವಾಗಲೇ ಮೋಟಾರ್ ಹಾಕಿದೆ. ಬರುವ ನೀರಿಗಿಂತ ಮೋಟಾರ್ ಎಳೆಯುವ ನೀರು ಜಾಸ್ತಿ. ಸಂಪಿನೊಳಗಿನ ಪೈಪಿನ ತುದಿಯಲ್ಲಿರುವ ಫುಟ್ ವಾಲ್ವ್‌ಗಿಂತ ಕೆಳಗೆ ನೀರಿಳಿದ ಕೂಡಲೇ ಪಂಪ್ ಗಾಳಿ ಎಳೆಯೋಕೆ ಶುರು ಮಾಡಿದೆ. ಒಮ್ಮೆ ಗಾಳಿ ಸೇರಿತು ಅಂದರೆ ಮುಗೀತು, ಸಂಪಿನಲ್ಲಿ ಆಮೇಲೆ ಎಷ್ಟೇ ನೀರು ತುಂಬಿದರೂ ಅದು ತಾನಾಗಿ ಎತ್ತುವುದಿಲ್ಲ. ಒಳಗಿನ ಸೀಲ್ ತಣ್ಣಗಿರಬೇಕಾದರೂ ನೀರೇ ಬೇಕು. ಹೀಗೆ ಎರಡು ಗಂಟೆ ಒಣ ಓಡಿದೆ ಪಾಪ.

ಬೆಳಿಗ್ಗೆ ಬಂದ ಮೆಕ್ಯಾನಿಕ್ ಬಿಚ್ಚಿ, ಮೂಸಿ, ತಲೆ ಅಲ್ಲಾಡಿಸಿದ. “ಸಾರ್, ಸೀಲ್ ಹೋಗಿದೆ. ಕಾಯಿಲೂ ಸುಟ್ಟಿದೆ. ರೀವೈಂಡಿಂಗ್ ಮಾಡ್ಬೇಕು, ನಾಳೆ ಸಂಜೆ ಅಂತ ಇಟ್ಕೊಳಿ. ಇಲ್ಲಾ ನಾಡಿದ್ದು.”

ಸಂಪಿನಲ್ಲಿ ಸೊಂಟದ ಮಟ್ಟಕ್ಕೆ ನೀರು. ಟ್ಯಾಂಕಿನಲ್ಲಿ ತಳ ಮುಚ್ಚುವಷ್ಟೂ ಇಲ್ಲ. ನಡುವೆ 38 ಮೆಟ್ಟಿಲು, ಮತ್ತು ನಾನು.

ಅಜ್ಜಿ ಏನೂ ಅನ್ನಲಿಲ್ಲ. ಹಗ್ಗ ಕಟ್ಟಿದ ಸಣ್ಣ ಬಕೆಟ್ ತಂದು ಸಂಪಿನ ಪಕ್ಕ ಇಟ್ಟರು ಅಷ್ಟೇ. ಅಂಕಲ್ ಬಾಗಿಲಲ್ಲಿ ನಿಂತು, “ಪರವಾಗಿಲ್ಲ ಬಿಡಪ್ಪ, ಆಗುತ್ತೆ” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಅವರಿಗೆ ಮಂಡಿ ನೋವು, ಅವರ ಮನೆಗೂ ನಾನೇ ಹೊರಬೇಕು ಅಂತ ಆಗಲೇ ತೀರ್ಮಾನ ಆಗಿಹೋಗಿತ್ತು, ಯಾರೂ ಬಾಯಿ ಬಿಟ್ಟು ಹೇಳದೇ ಇದ್ದರೂ.

ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ಅಂತ ಶಾಲೆಯಲ್ಲಿ ಓದಿದ್ದೇವಲ್ಲ. ಅದು ಕೈಗೆ ಗೊತ್ತಾಗಿದ್ದು ಅವತ್ತು. 15 ಲೀಟರಿನ ಬಕೆಟ್ ಎರಡು ತಗೊಂಡೆ. ತುಂಬಾ ತುಂಬಿಸಿದರೆ ಮೆಟ್ಟಿಲ ಮೇಲೆಲ್ಲ ಚೆಲ್ಲಿ ಜಾರುತ್ತದೆ, ಅದಕ್ಕೆ ಒಂದೊಂದರಲ್ಲಿ 12 ಲೀಟರ್. ಒಂದು ಸಲಕ್ಕೆ 24 ಕಿಲೋ. ಮೊದಲ ಸಲ ಹತ್ತುವಾಗ ಹುರುಪಿತ್ತು. ಮೂರನೇ ಸಲಕ್ಕೆ ಬಕೆಟ್ಟಿನ ತಂತಿ ಹಿಡಿ ಬೆರಳಿನ ಗೆಣ್ಣಿಗೆ ಒತ್ತಿ ಕೆಂಪು ಗೆರೆ ಮೂಡಿತ್ತು. ಅಷ್ಟು ಹುಷಾರಾಗಿ ಬಂದರೂ ಪ್ಯಾಂಟ್ ಮೊಣಕಾಲ ತನಕ ಒದ್ದೆ. ಅಮ್ಮ ನೋಡುತ್ತಾ ನಿಂತಿದ್ದವರು ಒಳಗೆ ಹೋಗಿ ಎರಡು ಸಣ್ಣ ಸ್ಟೀಲ್ ತಟ್ಟೆ ತಂದು ನೀರಿನ ಮೇಲೆ ತೇಲಿಬಿಟ್ಟರು. “ಈಗ ನಡಿ ನೋಡೋಣ.” ನಂಬಿದರೆ ನಂಬಿ, ತುಳುಕುವುದು ಅರ್ಧಕ್ಕರ್ಧ ನಿಂತಿತು. ಇಷ್ಟು ವರ್ಷ ಇದನ್ನು ಎಲ್ಲಿಟ್ಟುಕೊಂಡಿದ್ದರೋ ಅಮ್ಮ.

ಅದೇ ಹುರುಪಿನಲ್ಲಿ ಮೊದಲ ಬಕೆಟ್ಟನ್ನು ಫ್ಲಶ್ ಟ್ಯಾಂಕಿಗೆ ಸುರಿದಿದ್ದೆ. ನಮ್ಮದು ಹಳೇ ಕಾಲದ್ದು, ಒಂದು ಸಲಕ್ಕೆ 10 ಲೀಟರ್ ನುಂಗುತ್ತದೆ. ಮಗಳು ಬಾತ್‌ರೂಮಿಗೆ ಹೋದಳು, ಗುಡುಗುಡು ಅಂತ ಸದ್ದು ಬಂತು. ಒಂದೇ ಸದ್ದಿಗೆ ನನ್ನ ಬಲಗೈ ಭಾರ ಪೂರ್ತಿ ಹೋಯಿತು. ದಿನವೂ ಕೇಳುವ ಸದ್ದೇ, ಆದರೆ ಅವತ್ತು ಕೇಳಿದಾಗ ಹೊಟ್ಟೆ ಚುರುಕ್ ಅಂತು. ಕೂತು ಲೆಕ್ಕ ಹಾಕಿದೆ. ನಾಲ್ಕು ಜನ, ಒಬ್ಬೊಬ್ಬರಿಗೆ ದಿನಕ್ಕೆ ಐದು ಸಲ ಅಂದರೂ 200 ಲೀಟರ್. ಅಂದರೆ ಎಂಟು ಸಲಕ್ಕಿಂತ ಜಾಸ್ತಿ ಮೆಟ್ಟಿಲು ಹತ್ತಿ ತಂದಿದ್ದೆಲ್ಲ ನೇರ ಮೋರಿಗೆ.

ಫ್ಲಶ್ ಟ್ಯಾಂಕಿನ ವಾಲ್ವ್ ಮುಚ್ಚಿದೆ. ಬಕೆಟ್ಟಿನಿಂದಲೇ ಹಾಕಿ ಅಂತ ಆಜ್ಞೆ. ಮಗ್‌ನಲ್ಲಿ ಸ್ವಲ್ಪ ಸ್ವಲ್ಪ ಹಾಕಿದರೆ ಎಷ್ಟು ಸುರಿದರೂ ಪ್ರಯೋಜನ ಇಲ್ಲ. ಸಣ್ಣ ಬಕೆಟ್ಟಿನಲ್ಲಿ ನಾಲ್ಕು ಲೀಟರ್ ತಗೊಂಡು, ಸ್ವಲ್ಪ ಎತ್ತರದಿಂದ, ಒಂದೇ ಸಲ ರಭಸವಾಗಿ ಸುರಿಯಬೇಕು, ಆಗ ತಾನಾಗಿ ಎಳೆದುಕೊಂಡು ಹೋಗುತ್ತದೆ. ಹೆಂಡತಿಗೆ ಇದು ಮೊದಲ ಸಲಕ್ಕೇ ಬಂತು. ನನಗೆ ಎರಡು ಸಲ ಕಾಲ ಮೇಲೆ ಬಿತ್ತು. ಇರಲಿ.

ಅಲ್ಲಿಂದ ಮನೆಯ ನೀರಿನ ಇಲಾಖೆ ಅಮ್ಮನ ಕೈಗೆ ಹೋಯಿತು. “ಒಂದು ಬಕೆಟ್ ನೀರು ಮೂರು ಕೆಲಸ ಮಾಡಿ ರಿಟೈರ್ ಆಗ್ಬೇಕು” ಅನ್ನುವುದು ಅವರ ಕಾನೂನು. ತರಕಾರಿ ತೊಳೆದಿದ್ದು ಗಿಡಕ್ಕೆ. ಬಟ್ಟೆ ಕೊನೆಯಲ್ಲಿ ಜಾಲಿಸಿದ್ದು ನೆಲ ಒರೆಸೋಕೆ, ಒರೆಸಿದ್ದು ಟಾಯ್ಲೆಟ್ಟಿಗೆ. ಸೋಪಿನ ನೀರನ್ನು ಮಾತ್ರ ಮರುದಿನಕ್ಕೆ ಇಟ್ಟುಕೊಳ್ಳಬೇಡಿ, ನಾವು ಇಟ್ಟು ನೋಡಿದ್ದೇವೆ, ಈ ಸೆಕೆಗೆ ಬೆಳಿಗ್ಗೆ ಮುಚ್ಚಳ ತೆಗೆದರೆ ಮನೆಯವರೆಲ್ಲ ಹೊರಗೆ ಓಡಬೇಕು. ಮೇಲಿಂದ ನೀರಿನ ಒತ್ತಡ ಇಲ್ಲದೆ ಫಿಲ್ಟರ್ ಮೂಲೆಯಲ್ಲಿ ಸುಮ್ನೆ ಮಿಣುಕುತ್ತಿತ್ತು. ಕುಡಿಯುವುದಕ್ಕೆ ಕಾಯಿಸಿದ್ದೇ ಗತಿ. ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು ಅಂತ ನಾನು, ಹತ್ತು ನಿಮಿಷ ಕುದಿಯಬೇಕು ಅಂತ ಅಮ್ಮ. ಅಮ್ಮನೇ ಗೆದ್ದರು, ಕಾಲು ಭಾಗ ನೀರು ಆವಿಯಾಗಿ ಹೋಯಿತು.

ಒಣ ಊರಿನಲ್ಲಿ ನೀರಿಲ್ಲ ಅಂದರೆ ಅರ್ಥ ಆಗುತ್ತದೆ. ನಮ್ಮಂಥ ಕಡೆ ಗಾಳಿಯಲ್ಲೆಲ್ಲ ನೀರು, ನಲ್ಲಿಯಲ್ಲಿ ಬರೀ ಗಾಳಿ. ಬೆವರು ಆರುವುದೇ ಇಲ್ಲ, ಎರಡು ಹೊತ್ತು ಸ್ನಾನ ಬೇಕೇ ಬೇಕು. ಶವರಿನಲ್ಲಿ ಐದು ನಿಮಿಷ ನಿಂತರೆ 40 ಲೀಟರ್ ದಾಟುತ್ತದೆ, ಬಕೆಟ್ಟಿನಲ್ಲಿ 15ಕ್ಕೆ ಮುಗಿಯುತ್ತದೆ. ಅವತ್ತು ಸಂಜೆಯ ಸ್ನಾನ ಒದ್ದೆ ಟವೆಲ್ಲಿನಲ್ಲೇ ಆಯಿತು. ಆ ಗಾಳಿಯ ನೀರನ್ನೂ ಅಂಕಲ್ ಬಿಡಲಿಲ್ಲ. ಅವರ ಏಸಿಯಿಂದ ತೊಟ್ಟಿಕ್ಕುವ ಪೈಪಿನ ಕೆಳಗೆ ರಾತ್ರಿ ಹತ್ತಕ್ಕೆ ಬಕೆಟ್ ಇಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಅಳೆದರೆ 9 ಲೀಟರ್! ಕುಡಿಯೋಕೆ ಬರೋದಿಲ್ಲ, ಒರೆಸೋಕೆ ಧಾರಾಳ. ಅವರು ಅದನ್ನು ಎತ್ತಿ ತೋರಿಸಿದ ಖುಷಿ ನೋಡಬೇಕಿತ್ತು.

ಮೊದಲ ದಿನ ಒಟ್ಟು 15 ಸಲ ಹೊತ್ತೆ. ನಮಗೆ 11, ಅಂಕಲ್‌ಗೆ 4. ನಮ್ಮ ಪಾಲಿಗೆ ಬಂದಿದ್ದು 264 ಲೀಟರ್, ತಲೆಗೆ 66. ಮೆಟ್ಟಿಲ ಮೇಲೆ ಸುಧಾರಿಸಿಕೊಳ್ಳುತ್ತಾ ಫೋನಿನಲ್ಲಿ ಹುಡುಕಿದೆ. ಒಬ್ಬ ಮನುಷ್ಯನಿಗೆ ದಿನಕ್ಕೆ 50ರಿಂದ 100 ಲೀಟರ್ ಬೇಕು ಅನ್ನುತ್ತದೆ ವಿಶ್ವಸಂಸ್ಥೆ. ನೀರು ತರುವುದಕ್ಕೆ ಅರ್ಧ ಗಂಟೆ ಮೀರಬಾರದು ಅಂತಲೂ ಹೇಳುತ್ತದೆ. ನನಗೆ ಬೆಳಗಿನಿಂದ ಮೂರೂವರೆ ಗಂಟೆ ಆಗಿತ್ತು. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಒಬ್ಬರಿಗೆ ದಿನಕ್ಕೆ 50 ಲೀಟರ್ ಅಂತ ಮಿತಿ ಹಾಕಿದ್ದರು, ನಲ್ಲಿ ಪೂರ್ತಿ ನಿಂತರೆ 25 ಲೀಟರಿನಂತೆ ಸಾಲಿನಲ್ಲಿ ನಿಂತು ಒಯ್ಯಬೇಕು ಅಂತ ಯೋಜನೆಯೂ ತಯಾರಾಗಿತ್ತು. ಮುಂಚೆ ಇದನ್ನು ಓದಿದ್ದಾಗ 50 ಲೀಟರಿಗೆ ಹೇಗಪ್ಪಾ ಬದುಕುತ್ತಾರೆ ಅನ್ನಿಸಿತ್ತು. ಈಗ ಅನ್ನಿಸಿದ್ದು ಒಂದೇ, ಅದನ್ನು ಹೊತ್ತವರು ಯಾರು? ವರ್ಷದ ಮುನ್ನೂರ ಅರವತ್ತೈದು ದಿನವೂ ಹೊರುವವರಿದ್ದಾರೆ, ಹೆಚ್ಚಿನವರು ಹೆಂಗಸರು. ನಾನು ಒಂದು ದಿನಕ್ಕೆ ಬೆನ್ನು ಹಿಡಿದುಕೊಂಡು ಕೂತಿದ್ದೆ.

ಮಗಳು ಡ್ರಮ್ಮಿನ ಮೇಲೆ ಚಾಕ್‌ನಲ್ಲಿ ಗೆರೆ ಎಳೆದು ಯಾರು ಎಷ್ಟು ತಗೊಂಡರು ಅಂತ ಬರೆಯೋಕೆ ಶುರು ಮಾಡಿದ್ದಳು. ಮರುದಿನ ಬೆಳಿಗ್ಗೆ ಅವಳೇ ಕೂಗಿದಳು, “ಅಪ್ಪಾ, ಇದರಲ್ಲಿ ಏನೋ ಕುಣೀತಾ ಇದೆ!” ಟೆರೇಸಿನಲ್ಲಿ ಮುಚ್ಚಳ ಒಡೆದ ಹಳೇ ಡ್ರಮ್ ಒಂದಿತ್ತು, ಹೋದ ವಾರ ತುಂಬಿಸಿ ಮರೆತಿದ್ದೆವು. ಸೊಳ್ಳೆ ಮರಿ. ಹತ್ತು ದಿನದೊಳಗೆ ಮೊಟ್ಟೆಯಿಂದ ಸೊಳ್ಳೆಯಾಗಿ ಹಾರಿಹೋಗುವ ಜಾತಿ. ಅಷ್ಟೂ ನೀರು ಗಿಡಗಳ ಒಣ ಮಣ್ಣಿಗೆ ಹೋಯಿತು, ನನಗೆ ಅಳುವುದೊಂದು ಬಾಕಿ. ಬರೀ ಚೆಲ್ಲಿದರೂ ಸಾಲದು. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ, ಡ್ರಮ್ಮಿನ ಒಳಗೋಡೆಗೆ. ಅವು ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ಮತ್ತೆ ನೀರು ತಾಗಿದ ಕೂಡಲೇ ಮರಿಯಾಗುತ್ತವೆ. ಬ್ರಷ್ ಹಾಕಿ ಗಸಗಸ ತಿಕ್ಕಿದೆ. ಮುಚ್ಚಳದ ಬದಲು ಹಳೇ ಬೆಡ್‌ಶೀಟ್ ಬಿಗಿಯಾಗಿ ಕಟ್ಟಿ, ಡ್ರಮ್ಮನ್ನು ಕೆಳಗೆ ತಂದಿಟ್ಟೆ. ನೀರು ಕೂಡಿಡುವ ಮನೆಗಳಲ್ಲೇ ಜ್ವರ ಜಾಸ್ತಿ ಯಾಕೆ ಅಂತ ಗೊತ್ತಾಯಿತಲ್ವಾ.

ಎರಡನೇ ದಿನ ಸಂಜೆ, ಎಂಟನೇ ಸಲ ಹತ್ತುತ್ತಿದ್ದೆ. ಎಲ್ಲಿತ್ತೋ, ಒಂದೇ ಸಮನೆ ಮಳೆ ಹೊಡೆಯಿತು. ಬೇಸಿಗೆ ಮಳೆ, ಹೇಳದೇ ಕೇಳದೇ ಬರುವಂಥದ್ದು. ಮೆಟ್ಟಿಲ ಪಕ್ಕದಲ್ಲೇ ಟೆರೇಸಿನ ನೀರು ಇಳಿಯುವ ಪೈಪ್ ಇದೆ. ಎರಡು ಕೈಯಲ್ಲಿ ಎರಡು ಬಕೆಟ್ ಹಿಡಿದು ನಾನು ಮೇಲೆ ಹೋಗುತ್ತಿದ್ದೇನೆ, ನನ್ನ ಕಿವಿ ಪಕ್ಕದಲ್ಲೇ ನೀರು ಧಡಧಡ ಕೆಳಗೆ ಹೋಗುತ್ತಿದೆ. ನಮ್ಮ ತಲೆಯ ಮೇಲೆ ಬಿಟ್ಟಿಯಾಗಿ ಬಂದಿಳಿದ ನೀರು ನನ್ನನ್ನು ದಾಟಿ ಮೋರಿಗೆ! 100 ಚದರ ಮೀಟರ್ ಟೆರೇಸ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ 100 ಲೀಟರ್. ಅರ್ಧ ಗಂಟೆಯಲ್ಲಿ 20 ಮಿಲಿಮೀಟರ್ ಸುರಿಯುವುದು ನಮಗೇನು ಹೊಸದಲ್ಲ. ಅಂದರೆ 2000 ಲೀಟರ್. ನನ್ನ ಲೆಕ್ಕದಲ್ಲಿ ಎಂಬತ್ತಕ್ಕೂ ಜಾಸ್ತಿ ಸಲ.

“ಏನ್ ನೋಡ್ತಾ ನಿಂತಿದ್ದೀಯೋ, ಡ್ರಮ್ ತಳ್ಳೋ!” ಅಜ್ಜಿ ಕೆಳಗಿಂದ ಕೂಗಿದರು. ಮೊದಲ ಐದು ನಿಮಿಷದ ನೀರು ಬಿಟ್ಟೆವು, ಟೆರೇಸಿನ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ. ಆಮೇಲೆ ನಾನೂ ಅಜ್ಜಿಯ ಮಗಳೂ ಸೇರಿ 200 ಲೀಟರಿನ ಡ್ರಮ್ ತಳ್ಳಿ ಪೈಪಿನ ಕೆಳಗಿಟ್ಟೆವು. ಮೂರೇ ನಿಮಿಷಕ್ಕೆ ತುಂಬಿ ಹರಿಯಿತು. ಇನ್ನೊಂದು ಡ್ರಮ್, ಟಬ್ಬು, ಅಂಕಲ್ ಮನೆಯ ಏಸಿ ಬಕೆಟ್ಟು, ಸಿಕ್ಕಿದ್ದೆಲ್ಲ ಇಟ್ಟೆವು. ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನಲ್ಲಿ ತಿರುಗಿಸಿದರೆ ಅದೇ ಸುಸ್ಸ್.

ಮೂರನೇ ದಿನ ಮಧ್ಯಾಹ್ನ ಮೋಟಾರ್ ಬಂತು. ಮೆಕ್ಯಾನಿಕ್ ಕೂರಿಸಿ, ಮೇಲಿನ ಬಿರಡೆ ಬಿಚ್ಚಿ, ಒಂದು ಚೊಂಬು ನೀರು ಹುಯ್ದು ಗಾಳಿ ಹೊರಡಿಸಿದ. ಸಂಪಿನೊಳಗೆ ಫ್ಲೋಟ್ ಸ್ವಿಚ್ಚನ್ನೂ ಹಾಕಿಸಿದೆ, ನೀರು ಇಳಿದರೆ ಮೋಟಾರ್ ತಾನೇ ನಿಲ್ಲುತ್ತದೆ. ಅವನು ಸ್ವಿಚ್ ಹಾಕಿದಾಗ ಮೂರು ಮನೆಯವರೂ ಟೆರೇಸಿನಲ್ಲಿದ್ದೆವು, ಮಂಡಿ ನೋವಿನ ಅಂಕಲ್ ಕೂಡ. ಪೈಪ್ ಒಂದು ಸಲ ನಡುಗಿತು, ಆಮೇಲೆ ಖಾಲಿ ಟ್ಯಾಂಕಿನ ತಳಕ್ಕೆ ನೀರು ಬಿದ್ದ ಸದ್ದು. ಯಾರೂ ಮಾತಾಡಲಿಲ್ಲ. ನನ್ನ ಕೈ ಎರಡೂ ಖಾಲಿ ಇದ್ದವು, ಏನು ಮಾಡಬೇಕು ಅಂತ ಗೊತ್ತಾಗದೆ ಜೇಬಿಗೆ ಹಾಕಿಕೊಂಡೆ.

ಸಂಜೆ ಕೆಳಗೆ ಹೋದಾಗ ಮೀಟರ್ ಬೋರ್ಡಿನ ಪಕ್ಕ ಅಂಟಿಸಿದ್ದ ಪಾಳಿ ಪಟ್ಟಿ ನೋಡಿದೆ. ನನ್ನ ಹೆಸರಿನ ಮುಂದೆ ಮಗಳು ಪೆನ್ಸಿಲ್ಲಿನಲ್ಲಿ ಬರೆದಿದ್ದಳು: “4 ಅಲಾರಂ ಇಡಬೇಕು.” ಅದರ ಕೆಳಗೆ ಬೇರೆ ಕೈಬರಹದಲ್ಲಿ, ಅಂಕಲ್‌ದೇ ಇರಬೇಕು: “5.”